ಹಿತ್ತಲ ಟೆಲಿಸ್ಕೋಪು, ಜೇಬಿನ ಕ್ಯಾಮೆರಾ: ಕೃಷ್ಣಮೂರ್ತಿಪುರಂನಿಂದ ಆಕಾಶ ವೀಕ್ಷಣೆ

ಮೈಸೂರು: ನಗರದ ನಡುವೆ ವಾಸಿಸುವವರಿಗೆ ನಕ್ಷತ್ರ ವೀಕ್ಷಣೆ ಸಾಧ್ಯವಿಲ್ಲ, ಅದಕ್ಕೆ ಕಾಡಿಗೋ ಬೆಟ್ಟಕ್ಕೋ ಹೋಗಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ ಮಾತ್ರ. ಆಕಾಶಗಂಗೆಯ ಹಾಲುಬಿಳುಪು ಪಟ್ಟಿಯನ್ನು ಮೈಸೂರಿನ ಯಾವ ಬಡಾವಣೆಯಿಂದಲೂ ಇಂದು ಕಾಣಲಾಗದು, ನಿಜ. ಆದರೆ ಚಂದ್ರನ ಕುಳಿಗಳು, ಗುರುವಿನ ಉಪಗ್ರಹಗಳು, ಶನಿಯ ಬಳೆ, ಶುಕ್ರನ ವೃದ್ಧಿ ಕ್ಷಯಗಳು, ಜೋಡಿ ನಕ್ಷತ್ರಗಳು, ಪ್ರಕಾಶಮಾನವಾದ ಕೆಲವು ನೀಹಾರಿಕೆಗಳು ಬೀದಿದೀಪದ ಬೆಳಕಿಗೆ ಅಂಜುವಂಥವಲ್ಲ. ಒಂದು ಸಾಧಾರಣ ಟೆಲಿಸ್ಕೋಪು ಮತ್ತು ಈಗ ಎಲ್ಲರ ಜೇಬಿನಲ್ಲಿರುವ ಸ್ಮಾರ್ಟ್‌ಫೋನ್ ಇದ್ದರೆ ಇವುಗಳನ್ನು ನೋಡುವುದಷ್ಟೇ ಅಲ್ಲ, ಚಿತ್ರವಾಗಿಯೂ ಉಳಿಸಿಕೊಳ್ಳಬಹುದು. ಈ ಹವ್ಯಾಸಕ್ಕೆ ಇಳಿಯಲು ಬಯಸುವ ನಗರವಾಸಿ ಓದುಗರಿಗಾಗಿ, ಹಳೆಯ ಮೈಸೂರಿನ ಮಾದರಿ ಬಡಾವಣೆಯಾದ ಕೃಷ್ಣಮೂರ್ತಿಪುರಂ ಅನ್ನು ನೆಲೆಯಾಗಿಟ್ಟುಕೊಂಡು ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಮೈಸೂರಿನ ಅಕ್ಷಾಂಶದ ಲಾಭ

ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆಕಾಶ ವೀಕ್ಷಕನಿಗೆ ಈ ಒಂದು ಸಂಖ್ಯೆಯಿಂದ ಅನೇಕ ಸಂಗತಿಗಳು ತಿಳಿಯುತ್ತವೆ. ಧ್ರುವ ನಕ್ಷತ್ರವು ಉತ್ತರ ದಿಗಂತದಿಂದ ಕೇವಲ 12 ಡಿಗ್ರಿ ಎತ್ತರದಲ್ಲಿರುತ್ತದೆ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಆ ಮುಷ್ಟಿಗಿಂತ ತುಸು ಮೇಲಷ್ಟೇ ಧ್ರುವ. ಉತ್ತರಕ್ಕೆ ಒಂದು ಮಹಡಿ ಮನೆಯಿದ್ದರೆ ಅದು ಕಾಣುವ ಆಸೆಯನ್ನೇ ಬಿಡಬೇಕು. ಯೂರೋಪ್, ಅಮೆರಿಕಗಳ ಕೈಪಿಡಿಗಳು ‘ಮೊದಲು ಧ್ರುವ ನಕ್ಷತ್ರವನ್ನು ಗುರುತಿಸಿ’ ಎಂದು ಆರಂಭಿಸುವುದು ನಮಗೆ ಅಷ್ಟಾಗಿ ಒಗ್ಗದಿರುವುದು ಇದರಿಂದಲೇ.

ಈ ನಷ್ಟಕ್ಕೆ ಪ್ರತಿಯಾಗಿ ದಕ್ಷಿಣದ ಆಕಾಶ ನಮಗೆ ಧಾರಾಳವಾಗಿ ತೆರೆದುಕೊಂಡಿದೆ. ಆಕಾಶದ ಎರಡನೆಯ ಅತಿ ಪ್ರಕಾಶಮಾನ ನಕ್ಷತ್ರವಾದ ಅಗಸ್ತ್ಯ ಇಲ್ಲಿ ದಕ್ಷಿಣದಲ್ಲಿ 25 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ ನಗರದಲ್ಲಿ ಅದು ಹುಟ್ಟುವುದೇ ಇಲ್ಲ. ತ್ರಿಶಂಕು ನಕ್ಷತ್ರಪುಂಜವು ಮೇ ತಿಂಗಳ ಮಧ್ಯಭಾಗದ ರಾತ್ರಿ ಒಂಬತ್ತರ ಹೊತ್ತಿಗೆ ನೆತ್ತಿಯಿಂದ ದಕ್ಷಿಣಕ್ಕೆಳೆದ ರೇಖೆಯ ಮೇಲೆ 15ರಿಂದ 20 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ಅದೇ ಋತುವಿನಲ್ಲಿ 30 ಡಿಗ್ರಿ ಎತ್ತರದಲ್ಲಿ ದೊರೆಯುವ ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛವಂತೂ ಉತ್ತರ ದೇಶಗಳ ಹವ್ಯಾಸಿಗಳು ಹಂಬಲಿಸುವ ದೃಶ್ಯ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ, ಲಕ್ಷಗಟ್ಟಲೆ ನಕ್ಷತ್ರಗಳ ಈ ಗುಂಪು ನಗರದ ಬೆಳಕಿನಲ್ಲೂ ಆರು ಅಂಗುಲದ ಟೆಲಿಸ್ಕೋಪಿಗೆ ದುಂಡನೆಯ ಮಂಜಿನ ಉಂಡೆಯಂತೆ ಸಿಗುತ್ತದೆ.

ಮುಖ್ಯವಾದ ಇನ್ನೊಂದು ಲಾಭವಿದೆ. ಚಂದ್ರನೂ ಗ್ರಹಗಳೂ ನಮ್ಮಲ್ಲಿ ನೆತ್ತಿಗೆ ಸಮೀಪವಾಗಿಯೇ ಹಾಯುತ್ತವೆ. ದಿಗಂತದ ಹತ್ತಿರವಿರುವ ಗ್ರಹದ ಬೆಳಕು ವಾತಾವರಣದ ದಪ್ಪ ಪದರವನ್ನು ದಾಟಿ ಬರಬೇಕಾದುದರಿಂದ ಬಿಂಬವು ಕುದಿಯುವ ನೀರಿನ ತಳದ ನಾಣ್ಯದಂತೆ ನಡುಗುತ್ತದೆ. ನೆತ್ತಿಯ ಮೇಲಿನ ಗ್ರಹಕ್ಕೆ ಆ ತೊಂದರೆ ಬಹಳ ಕಡಿಮೆ. ಗ್ರಹಗಳ ಛಾಯಾಗ್ರಹಣಕ್ಕೆ ಮೈಸೂರು ಲಂಡನ್ನಿಗಿಂತ ಅನುಕೂಲವಾದ ಊರು ಎಂದರೆ ಅತಿಶಯೋಕ್ತಿಯಾಗದು.

ಹಿತ್ತಲೋ ತಾರಸಿಯೋ

ಕೃಷ್ಣಮೂರ್ತಿಪುರಂನ ನೇರವಾದ ಅಡ್ಡರಸ್ತೆಗಳಲ್ಲಿ ಹಳೆಯ ಮನೆಗಳೂ ಅವುಗಳ ಪಕ್ಕದಲ್ಲೇ ಎದ್ದ ಹೊಸ ಮಹಡಿಗಳೂ ಬೆರೆತುಕೊಂಡಿವೆ. ಅರಮನೆ ಇಲ್ಲಿಂದ ಈಶಾನ್ಯಕ್ಕೆ ಎರಡು ಕಿಲೋಮೀಟರಿನೊಳಗಿದೆ. ಭಾನುವಾರ ಹಾಗೂ ಸಾರ್ವಜನಿಕ ರಜಾದಿನಗಳ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಬೆಳಗುವಾಗ ಆ ದಿಕ್ಕಿನ ಆಕಾಶದ ಕೆಳಭಾಗ ಮಸುಕಾಗುವುದು ಸಹಜ. ಅದು ಅಲ್ಪಕಾಲದ ವೈಭವ. ಅದಕ್ಕಾಗಿ ಗೊಣಗುವುದು ಮೈಸೂರಿಗರಿಗೆ ಶೋಭಿಸದು. ದಸರಾ ದೀಪಾಲಂಕಾರದ ದಿನಗಳಲ್ಲಿ ಮಾತ್ರ ಇಡೀ ನಗರದ ಮಾತೇ ಬೇರೆ. ಆಗ ಚಂದ್ರನನ್ನೂ ಗ್ರಹಗಳನ್ನೂ ಬಿಟ್ಟು ಬೇರೆಯದಕ್ಕೆ ಕೈಹಾಕದಿರುವುದೇ ಲೇಸು.

ಆಗ್ನೇಯಕ್ಕೆ ಚಾಮುಂಡಿ ಬೆಟ್ಟವಿದೆ. ಬೆಟ್ಟ ದೃಷ್ಟಿಗೆ ಅಡ್ಡವಾದೀತೆಂಬ ಶಂಕೆ ಬೇಡ. ನಗರದ ನೆಲಮಟ್ಟದಿಂದ ಸುಮಾರು 300 ಮೀಟರ್ ಎತ್ತರದ ಬೆಟ್ಟ ಮೂರೂವರೆ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವುದರಿಂದ ಅದು ಮರೆಮಾಡುವುದು ದಿಗಂತದ ಐದು ಡಿಗ್ರಿಯನ್ನಷ್ಟೇ. ನಿಜವಾದ ಅಡ್ಡಿ ಎದುರುಮನೆಯದು. ಲೆಕ್ಕ ಸರಳವಾಗಿದೆ: ಆರು ಮೀಟರ್ ಎತ್ತರದ ಒಂದು ಮಹಡಿಯ ಮನೆ ನಮ್ಮಿಂದ ಆರು ಮೀಟರ್ ದೂರದಲ್ಲಿದ್ದರೆ, ನಿಂತ ಕಣ್ಣಿನ ಮಟ್ಟದಿಂದ ಅದು 37 ಡಿಗ್ರಿಯವರೆಗಿನ ಆಕಾಶವನ್ನು ನುಂಗುತ್ತದೆ. ತ್ರಿಶಂಕುವನ್ನು ಕಾಣಬೇಕಾದರೆ ಅದೇ ಮನೆ ಕನಿಷ್ಠ 14 ಮೀಟರ್ ದೂರವಿರಬೇಕು. ಹಿತ್ತಲಿನಲ್ಲಿ ಅಷ್ಟು ಜಾಗ ಯಾರಿಗಿದೆ? ಆದ್ದರಿಂದ ದಕ್ಷಿಣದ ನಕ್ಷತ್ರಗಳಿಗಾಗಿ ತಾರಸಿ ಹತ್ತಲೇಬೇಕು.

ಉಳಿದಂತೆ ಹಿತ್ತಲೇ ಉತ್ತಮ ಎಂಬುದು ಅನುಭವಿಗಳ ಅಭಿಪ್ರಾಯ. ಇದಕ್ಕೆ ಕಾರಣ ಶಾಖ. ಹಗಲೆಲ್ಲ ಬಿಸಿಲುಂಡ ಕಾಂಕ್ರೀಟ್ ತಾರಸಿ ಸೂರ್ಯಾಸ್ತದ ನಂತರ ಗಂಟೆಗಟ್ಟಲೆ ಶಾಖವನ್ನು ಹೊರಸೂಸುತ್ತಿರುತ್ತದೆ. ಏಳುವ ಬಿಸಿಗಾಳಿಯಲ್ಲಿ ಗುರುಗ್ರಹದ ಪಟ್ಟಿಗಳೆಲ್ಲ ಕಲಸಿಹೋಗುತ್ತವೆ. ಮಣ್ಣು, ಹುಲ್ಲು, ಗಿಡಗಳಿರುವ ಹಿತ್ತಲು ಬೇಗ ತಣಿಯುತ್ತದೆ. ಬಾವಿಕಟ್ಟೆ, ತುಳಸಿಕಟ್ಟೆಗಳ ಪಕ್ಕದ ನಾಲ್ಕು ಅಡಿ ಜಾಗ ಸಾಕು. ತಾರಸಿಯನ್ನೇ ನೆಚ್ಚಿಕೊಂಡವರು ಸಂಜೆ ಎರಡು ಬಿಂದಿಗೆ ನೀರು ಚಿಮುಕಿಸಿ, ರಾತ್ರಿ ಹತ್ತರ ಮೇಲೆ ವೀಕ್ಷಣೆಗಿಳಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಟೆಲಿಸ್ಕೋಪನ್ನೂ ಅರ್ಧ ಗಂಟೆ ಮುಂಚೆ ಹೊರಗಿಡಬೇಕು. ಕೋಣೆಯ ಬಿಸುಪು ಉಳಿದ ದರ್ಪಣವು ತೀಕ್ಷ್ಣ ಬಿಂಬವನ್ನು ಕೊಡುವುದಿಲ್ಲ.

ಋತುಗಳ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡದ ರಾಜ್ಯ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸುಗ್ಗಿ. ಏಪ್ರಿಲ್, ಮೇಗಳಲ್ಲಿ ಗುಡುಗು ಮಳೆ ಬಂದು ಗಾಳಿಯ ಧೂಳನ್ನು ತೊಳೆದು ಹೋದ ಮರುರಾತ್ರಿಗಳು ಅಪರೂಪದ ನಿರ್ಮಲ ರಾತ್ರಿಗಳು. ಇಲ್ಲೊಂದು ಸ್ವಾರಸ್ಯ ಗಮನಾರ್ಹ. ನಮ್ಮ ರೈತರು ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ನಕ್ಷತ್ರಗಳ ಹೆಸರಿನಿಂದ ಮಳೆಗಾಲವನ್ನು ಎಣಿಸುತ್ತಾರೆ. ಆದರೆ ಆರಿದ್ರಾ ಮಳೆಯ ದಿನಗಳಲ್ಲಿ, ಅಂದರೆ ಜೂನ್ ಕೊನೆಯ ಸುಮಾರಿಗೆ, ಆರ್ದ್ರಾ ನಕ್ಷತ್ರ ಮೋಡವಿಲ್ಲದಿದ್ದರೂ ಕಾಣಸಿಗದು. ಸೂರ್ಯನೇ ಆ ನಕ್ಷತ್ರದ ಬಳಿಯಿರುವ ಕಾಲವದು. ಆರ್ದ್ರೆಯನ್ನು ಕಣ್ತುಂಬ ನೋಡಬೇಕಾದವರು ಜನವರಿಗೆ ಕಾಯಬೇಕು.

ಯಾವ ಟೆಲಿಸ್ಕೋಪು?

ಈ ಹವ್ಯಾಸದಲ್ಲಿ ಹಣ ವ್ಯರ್ಥವಾಗುವ ಮೊದಲ ಹೆಜ್ಜೆ ಇದೇ ಆದ್ದರಿಂದ ತುಸು ವಿವರ ಅಗತ್ಯ. ಅಂಗಡಿಗಳಲ್ಲೂ ಆನ್‌ಲೈನ್ ಮಾರುಕಟ್ಟೆಯಲ್ಲೂ ‘525 ಪಟ್ಟು ವರ್ಧನೆ’ ಎಂದು ಪೆಟ್ಟಿಗೆಯ ಮೇಲೆ ಬರೆದ ಟೆಲಿಸ್ಕೋಪುಗಳು ಹೇರಳವಾಗಿವೆ. 700 ಮಿಲಿಮೀಟರ್ ಸಂಗಮದೂರದ ನಳಿಗೆಗೆ 4 ಮಿಲಿಮೀಟರಿನ ಐಪೀಸ್ ಹಾಕಿ, ಅದರ ಮೇಲೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೊ ಮಸೂರ ಸೇರಿಸಿದರೆ ಗುಣಾಕಾರದ ಪ್ರಕಾರ 525 ಬರುತ್ತದೆ. ಕಾಗದದ ಮೇಲೆ ಸುಳ್ಳಲ್ಲ. ಆದರೆ ಟೆಲಿಸ್ಕೋಪಿನ ಉಪಯುಕ್ತ ವರ್ಧನೆಯ ಮಿತಿ ಅದರ ಬಾಯಿಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಎರಡು ಪಟ್ಟು. 76 ಮಿಲಿಮೀಟರಿನ ಉಪಕರಣ 150 ಪಟ್ಟು ದಾಟಿದ ಮೇಲೆ ದೊಡ್ಡದಾದ ಮಸುಕನ್ನಷ್ಟೇ ತೋರಿಸುತ್ತದೆ. ಹೀಗಾಗಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ‘ಎಷ್ಟು ಪಟ್ಟು’ ಎಂದಲ್ಲ, ‘ವ್ಯಾಸ ಎಷ್ಟು, ನಿಲುವುಗಾಲು ಎಷ್ಟು ಗಟ್ಟಿ’ ಎಂದು.

ಆರಂಭಿಕರಿಗೆ ಎಲ್ಲೆಡೆ ಶಿಫಾರಸು ಮಾಡಲಾಗುವುದು ಡಾಬ್ಸೋನಿಯನ್ ಮಾದರಿ. ದರ್ಪಣವುಳ್ಳ ಉದ್ದನೆಯ ನಳಿಗೆ, ಮರದ ಪೆಟ್ಟಿಗೆಯಂಥ ಪೀಠ, ಕೈಯಿಂದ ತಳ್ಳಿದತ್ತ ತಿರುಗುವ ಸರಳ ವ್ಯವಸ್ಥೆ. ಇದನ್ನು ಜನಪ್ರಿಯಗೊಳಿಸಿದ ಜಾನ್ ಡಾಬ್ಸನ್ ಅವರ ಕಥೆ ಮೈಸೂರಿನಂಥ ಊರಿಗೆ ಆಪ್ತವೆನಿಸುವಂಥದು. ಅವರು 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಮಕೃಷ್ಣ ಸಂಪ್ರದಾಯದ ಆಶ್ರಮವನ್ನು ಸೇರಿ ಸನ್ಯಾಸಿಯಾಗಿದ್ದವರು. ಗುಜರಿ ಸಾಮಾನುಗಳಿಂದ ಟೆಲಿಸ್ಕೋಪ್ ತಯಾರಿಸಿ ಬೀದಿಯ ಜನರಿಗೆ ಆಕಾಶ ತೋರಿಸುವ ಹುಚ್ಚು ಆಶ್ರಮದ ಶಿಸ್ತಿಗೆ ಹೊಂದದೆ 1967ರಲ್ಲಿ ಹೊರಬರಬೇಕಾಯಿತು. ಮರುವರ್ಷ ಅವರು ಸಂಗಡಿಗರೊಂದಿಗೆ ‘ಕಾಲುದಾರಿಯ ಖಗೋಳಿಗರು’ ಎಂಬರ್ಥದ ಹೆಸರಿನ ಸಂಘವನ್ನು ಆರಂಭಿಸಿದರು. 2014ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಕೇಳಲಿಲ್ಲ.

150 ಮಿಲಿಮೀಟರ್ ವ್ಯಾಸ, 1200 ಮಿಲಿಮೀಟರ್ ಸಂಗಮದೂರದ ಡಾಬ್ಸೋನಿಯನ್ ಒಂದು ಮಧ್ಯಮವರ್ಗದ ಮನೆಗೆ ಸಮಂಜಸವಾದ ಉಪಕರಣ. ಕತ್ತಲಲ್ಲಿ ಹಿಗ್ಗಿದ ಕಣ್ಣಪಾಪೆಗಿಂತ ಸುಮಾರು 450 ಪಟ್ಟು ಹೆಚ್ಚು ಬೆಳಕನ್ನು ಅದು ಹಿಡಿಯುತ್ತದೆ. ಅದಕ್ಕಿಂತ ದೊಡ್ಡದು ಆಸೆ ಹುಟ್ಟಿಸಬಹುದು. ಆದರೆ ಮೆಟ್ಟಿಲು ಹತ್ತಿಸಲಾಗದೆ ಅಟ್ಟದಲ್ಲೇ ಉಳಿಯುವ ಹತ್ತು ಅಂಗುಲದ ಟೆಲಿಸ್ಕೋಪಿಗಿಂತ ದಿನವೂ ಹೊರಬರುವ ನಾಲ್ಕೂವರೆ ಅಂಗುಲದ್ದೇ ಮೇಲು. 2023ರಿಂದೀಚೆಗೆ ಮಾರುಕಟ್ಟೆಗೆ ಬಂದಿರುವ, ತಾನೇ ನಕ್ಷತ್ರ ಹುಡುಕಿ ತಾನೇ ಚಿತ್ರ ತೆಗೆದು ಫೋನಿಗೆ ಕಳಿಸುವ ಪುಟ್ಟ ‘ಸ್ಮಾರ್ಟ್ ಟೆಲಿಸ್ಕೋಪು’ಗಳೂ ಇವೆ. ನೀಹಾರಿಕೆಗಳ ಚಿತ್ರ ಅವುಗಳಲ್ಲಿ ಚೆನ್ನಾಗಿಯೇ ಬರುತ್ತದೆ. ಕಣ್ಣಿಟ್ಟು ನೋಡಲು ಮಾತ್ರ ಅವುಗಳಲ್ಲಿ ಐಪೀಸೇ ಇರುವುದಿಲ್ಲ. ಶನಿಯ ಬಳೆಯನ್ನು ಸ್ವಂತ ಕಣ್ಣಿನಿಂದ ಮೊದಲ ಸಲ ಕಂಡವರ ಉದ್ಗಾರವನ್ನು ಕೇಳಿದ ಯಾರೂ ಇದನ್ನು ಚಿಕ್ಕ ಕೊರತೆಯೆನ್ನಲಾರರು.

ಫೋನನ್ನು ಐಪೀಸಿಗೆ ಜೋಡಿಸುವುದು

ತತ್ತ್ವ ಸುಲಭ. ಟೆಲಿಸ್ಕೋಪಿನ ಐಪೀಸಿನಿಂದ ಹೊರಬರುವ ಬೆಳಕು ನಮ್ಮ ಕಣ್ಣಿಗೆ ಹೊಂದುವಂತೆ ಸಮಾಂತರ ಕಿರಣಗಳಾಗಿರುತ್ತದೆ. ಕಣ್ಣಿನ ಜಾಗದಲ್ಲಿ ಫೋನಿನ ಕ್ಯಾಮೆರಾವನ್ನಿಟ್ಟರೆ ಕಣ್ಣು ಕಾಣುವುದನ್ನೇ ಅದೂ ಕಾಣುತ್ತದೆ. ಆದರೆ ಕ್ಯಾಮೆರಾ ಮಸೂರದ ಕೇಂದ್ರ ಮತ್ತು ಐಪೀಸಿನ ಕೇಂದ್ರ ಒಂದೇ ನೇರದಲ್ಲಿರಬೇಕು, ಅಂತರವೂ ಕರಾರುವಾಕ್ಕಾಗಿರಬೇಕು. ಒಂದೆರಡು ಮಿಲಿಮೀಟರ್ ಸರಿದರೂ ಚಿತ್ರದ ಒಂದು ಬದಿ ಕಪ್ಪಾಗುತ್ತದೆ. ಕೈಯಲ್ಲಿ ಹಿಡಿದು ಚಂದ್ರನ ಒಂದೆರಡು ಚಿತ್ರ ತೆಗೆಯಬಹುದು. ಗ್ರಹಗಳಿಗೆ ಇಳಿದರೆ ಫೋನನ್ನು ಹಿಡಿದುಕೊಳ್ಳುವ ಅಡಾಪ್ಟರ್ ಇಲ್ಲದೆ ನಡೆಯದು. ಮೂರು ತಿರುಪುಗಳಿಂದ ಅತ್ತಿತ್ತ, ಮೇಲೆ ಕೆಳಗೆ, ಮುಂದೆ ಹಿಂದೆ ಸರಿಸಬಹುದಾದಂಥದನ್ನು ಆರಿಸಿಕೊಳ್ಳಬೇಕು.

ಇಂದಿನ ಫೋನುಗಳಲ್ಲಿ ಎರಡು ಮೂರು ಕ್ಯಾಮೆರಾಗಳಿರುವುದು ಇಲ್ಲಿ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಬೆಳಕು ಕಡಿಮೆಯಾದೊಡನೆ ಫೋನು ತನ್ನಿಷ್ಟದಂತೆ ಒಂದು ಮಸೂರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಪರದೆ ಥಟ್ಟನೆ ಕಪ್ಪಾಗುತ್ತದೆ. ಮುಖ್ಯ ಮಸೂರವನ್ನೇ, ಅಂದರೆ ‘1 ಪಟ್ಟು’ ಎಂದು ತೋರಿಸುವುದನ್ನೇ, ‘ಪ್ರೊ’ ವಿಧಾನದಲ್ಲಿ ಸ್ಥಿರಗೊಳಿಸಿಕೊಂಡರೆ ಈ ಕಾಟ ತಪ್ಪುತ್ತದೆ. ಜೋಡಣೆಯ ಕೆಲಸವನ್ನು ಹಗಲಿನಲ್ಲೇ ದೂರದ ತೆಂಗಿನಮರವನ್ನೋ ನೀರಿನ ಟ್ಯಾಂಕನ್ನೋ ನೋಡುತ್ತ ಅಭ್ಯಾಸ ಮಾಡಿಕೊಳ್ಳುವುದು ಜಾಣತನ. ನೆರೆಯವರ ಕಿಟಕಿಯತ್ತ ನಳಿಗೆ ತಿರುಗದಂತೆ ಎಚ್ಚರವಿರಲಿ. ಬಡಾವಣೆಯಲ್ಲಿ ಟೆಲಿಸ್ಕೋಪು ಅನುಮಾನ ಹುಟ್ಟಿಸುವ ವಸ್ತು. ಮೊದಲ ವಾರದಲ್ಲೇ ಅಕ್ಕಪಕ್ಕದ ಮನೆಯ ಮಕ್ಕಳಿಗೂ ಹಿರಿಯರಿಗೂ ಚಂದ್ರನನ್ನು ತೋರಿಸಿಬಿಟ್ಟರೆ ಆ ಅನುಮಾನ ಕರಗಿ, ಬೀದಿದೀಪಕ್ಕೆ ಮರೆಕಟ್ಟಲು ಸಹಾಯವೂ ಸಿಗುತ್ತದೆ.

ಫೋನಿನ ಭಾರ ಸುಮಾರು 200 ಗ್ರಾಂ, ಅಡಾಪ್ಟರ್ ಸೇರಿದರೆ ಇನ್ನೂ ಹೆಚ್ಚು. ಡಾಬ್ಸೋನಿಯನ್ನಿನಲ್ಲಿ ಐಪೀಸು ನಳಿಗೆಯ ಮೇಲ್ತುದಿಯಲ್ಲಿರುವುದರಿಂದ ಈ ಭಾರಕ್ಕೆ ನಳಿಗೆ ಮುಂದಕ್ಕೆ ಬಾಗಿ ಗುರಿ ತಪ್ಪುತ್ತದೆ. ಉಕ್ಕಿನ ನಳಿಗೆಯಾದರೆ ಕೆಳತುದಿಗೆ ಬಲವಾದ ಅಯಸ್ಕಾಂತವೊಂದನ್ನು ಅಂಟಿಸಿದರೆ ಸಮತೋಲ ಬರುತ್ತದೆ. ಮರಳು ತುಂಬಿದ ಚೀಲವನ್ನು ಬೆಲ್ಟಿನಿಂದ ಬಿಗಿದರೂ ಆದೀತು. ನೆತ್ತಿಗೆ ತೀರ ಸಮೀಪದ ಗ್ರಹವನ್ನು ಹಿಡಿಯುವಾಗ ಈ ಮಾದರಿಯ ಪೀಠ ಸರಾಗವಾಗಿ ತಿರುಗುವುದಿಲ್ಲ. ಮೇಲೆ ಹೊಗಳಿದ ಅಕ್ಷಾಂಶದ ಲಾಭಕ್ಕೆ ತೆರಬೇಕಾದ ಸಣ್ಣ ಸುಂಕ ಇದು. ಗ್ರಹ ನೆತ್ತಿ ದಾಟಿ ಒಂದು ಗಂಟೆ ಕಳೆಯುವವರೆಗೆ ಕಾದರೆ ತೊಂದರೆ ನಿವಾರಣೆಯಾಗುತ್ತದೆ.

ಮೊದಲ ಪಾಠ ಚಂದ್ರ

ಹುಣ್ಣಿಮೆಯ ಚಂದ್ರ ಚಿತ್ರಕ್ಕೆ ಅತ್ಯಂತ ಕೆಟ್ಟ ವಸ್ತು. ಬೆಳಕು ಎದುರಿನಿಂದ ನೇರವಾಗಿ ಬೀಳುವುದರಿಂದ ನೆರಳಿಲ್ಲ, ನೆರಳಿಲ್ಲದೆ ಕುಳಿಗಳ ಆಳ ತಿಳಿಯದು. ಟೈಕೊ ಕುಳಿಯಿಂದ ಹೊರಟ ಬಿಳಿಯ ಕಿರಣಗಳನ್ನು ಮಾತ್ರ ಅಂದು ನೋಡಬಹುದು. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿ, ನವಮಿಗಳೇ ಶ್ರೇಷ್ಠ. ಬೆಳಕು ಕತ್ತಲೆಗಳ ಗಡಿರೇಖೆಯಲ್ಲಿ ಆಗ ಸೂರ್ಯೋದಯವಾಗುತ್ತಿರುತ್ತದೆ. ಅಪೆನೈನ್ ಪರ್ವತಶ್ರೇಣಿಯ ಶಿಖರಗಳು ಕತ್ತಲಿನಲ್ಲಿ ಕಿಡಿಗಳಂತೆ ಹೊಳೆಯುತ್ತವೆ. 93 ಕಿಲೋಮೀಟರ್ ಅಗಲದ ಕೋಪರ್ನಿಕಸ್, ಕಪ್ಪು ತಳದ ಪ್ಲೇಟೊ, ದಕ್ಷಿಣದಲ್ಲಿ ಒಳಗೆ ಸಣ್ಣ ಕುಳಿಗಳ ಸಾಲನ್ನೇ ಹೊತ್ತ ವಿಶಾಲ ಕ್ಲೇವಿಯಸ್ ಆರಂಭಿಕರಿಗೆ ಸುಲಭವಾಗಿ ಗುರುತಾಗುತ್ತವೆ.

ಟೆಲಿಸ್ಕೋಪಿಟ್ಟಲ್ಲೆಲ್ಲ ಈಗ ತಪ್ಪದೆ ಬರುವ ಪ್ರಶ್ನೆ: ‘ಚಂದ್ರಯಾನ ಇಳಿದ ಜಾಗ ಕಾಣುತ್ತದೆಯೆ?’ 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದುದು ಚಂದ್ರನ 69 ಡಿಗ್ರಿ ದಕ್ಷಿಣ ಅಕ್ಷಾಂಶದ ಬಳಿ. ಆ ಪ್ರದೇಶ ನಮಗೆ ಅಂಚಿನಲ್ಲಿ, ಓರೆಯಾಗಿ ಕಾಣುತ್ತದೆ. ಆದರೆ ಆರು ಅಂಗುಲದ ಟೆಲಿಸ್ಕೋಪು ಚಂದ್ರನ ಮೇಲೆ ಬೇರ್ಪಡಿಸಿ ತೋರಿಸಬಲ್ಲ ಅತಿ ಚಿಕ್ಕ ಅಂತರ ಸುಮಾರು ಒಂದೂವರೆ ಕಿಲೋಮೀಟರ್. ಒಂದೆರಡು ಮೀಟರಿನ ಲ್ಯಾಂಡರನ್ನು ಕಾಣುವ ಮಾತೇ ಇಲ್ಲ. ಅದು ಇಳಿದ ಊರು ಕಾಣುತ್ತದೆ, ಮನೆ ಕಾಣುವುದಿಲ್ಲ ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಚಿತ್ರ ತೆಗೆಯುವಾಗ 25 ಮಿಲಿಮೀಟರಿನ ಐಪೀಸಿನಿಂದ ಆರಂಭಿಸಬೇಕು. ಪರದೆಯಲ್ಲಿ ಚಂದ್ರನ ಅಂಚನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಸ್ಥಿರಗೊಳಿಸಿ, ಬಿಂಬ ತುಸು ಮಂಕೆನಿಸುವಷ್ಟು ಬೆಳಕು ಇಳಿಸಬೇಕು. ಫೋನು ತಾನಾಗಿ ಅಳೆದರೆ ಸುತ್ತಲಿನ ಕತ್ತಲೆಗೆ ಮರುಳಾಗಿ ಚಂದ್ರನನ್ನು ಸುಣ್ಣದ ತಟ್ಟೆಯಾಗಿಸುತ್ತದೆ. ‘ಪ್ರೊ’ ವಿಧಾನದಲ್ಲಾದರೆ ಐಎಸ್‌ಒ 50ರಿಂದ 100, ಶಟರ್ ಸೆಕೆಂಡಿನ 125ನೇ ಒಂದು ಭಾಗದ ಆಸುಪಾಸು. ಪರದೆಯನ್ನು ಬೆರಳಿನಿಂದ ಒತ್ತಿದರೆ ಇಡೀ ಟೆಲಿಸ್ಕೋಪು ನಡುಗುತ್ತದೆ; ಮೂರು ಸೆಕೆಂಡಿನ ಟೈಮರನ್ನೋ ಬ್ಲೂಟೂತ್ ಗುಂಡಿಯನ್ನೋ ಬಳಸಬೇಕು.

ಗ್ರಹಗಳು: ಚಿತ್ರಕ್ಕಿಂತ ವಿಡಿಯೊ ಲೇಸು

ಗ್ರಹಗಳ ವಿಷಯದಲ್ಲಿ ಒಂದೇ ಚಿತ್ರವನ್ನು ನೆಚ್ಚಿಕೊಂಡವರಿಗೆ ನಿರಾಶೆ ಖಂಡಿತ. ವಾತಾವರಣ ಕ್ಷಣಕ್ಷಣಕ್ಕೂ ಬಿಂಬವನ್ನು ಅಲುಗಿಸುತ್ತಿರುತ್ತದೆ. ನಡುನಡುವೆ ಅರೆಗಳಿಗೆ ನಿಶ್ಚಲವಾಗುತ್ತದೆ. ಆ ಅರೆಗಳಿಗೆಯನ್ನು ಕೈಯಿಂದ ಹಿಡಿಯಲಾಗದು. ಆದ್ದರಿಂದ ಒಂದು ನಿಮಿಷದ ವಿಡಿಯೊ ತೆಗೆಯುತ್ತಾರೆ. ಸೆಕೆಂಡಿಗೆ 30ರಂತೆ 1,800 ಚೌಕಟ್ಟುಗಳು ದೊರೆಯುತ್ತವೆ. ಆಟೊಸ್ಟ್ಯಾಕರ್ಟ್ ಎಂಬ ಉಚಿತ ತಂತ್ರಾಂಶ ಇವುಗಳನ್ನೆಲ್ಲ ಪರೀಕ್ಷಿಸಿ, ಅತಿ ತೀಕ್ಷ್ಣವಾದ ಶೇಕಡಾ 10ನ್ನು ಆರಿಸಿ, ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತದೆ. 180 ಚೌಕಟ್ಟುಗಳು ಸೇರಿದಾಗ ಚಿತ್ರದ ಕಾಳುಕಾಳಾದ ಗದ್ದಲ ಸುಮಾರು 13 ಪಟ್ಟು ತಗ್ಗುತ್ತದೆ. ಗದ್ದಲವು ಚೌಕಟ್ಟುಗಳ ಸಂಖ್ಯೆಯ ವರ್ಗಮೂಲದಷ್ಟು ಕುಗ್ಗುವುದು ಗಣಿತದ ನಿಯಮ. ಹಾಗೆ ದೊರೆತ ಮೃದುವಾದ ಚಿತ್ರವನ್ನು ರೆಜಿಸ್ಟ್ಯಾಕ್ಸ್ ಎಂಬ ಮತ್ತೊಂದು ಉಚಿತ ತಂತ್ರಾಂಶದಲ್ಲಿ ಹರಿತಗೊಳಿಸಿದಾಗ, ಕಣ್ಣಿಗೆ ಅಸ್ಪಷ್ಟವಾಗಿದ್ದ ಗುರುವಿನ ಪಟ್ಟಿಗಳು ಮೂಡಿಬರುವುದನ್ನು ನೋಡುವುದೇ ಒಂದು ಸಂತೋಷ. ಈ ಕೆಲಸಕ್ಕೆ ಮನೆಯ ಹಳೆಯ ಕಂಪ್ಯೂಟರ್ ಸಾಕು.

ಭೂಮಿಯ ಸುತ್ತುವಿಕೆಯನ್ನು ಮರೆಯುವಂತಿಲ್ಲ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 1200 ಮಿಲಿಮೀಟರ್ ಸಂಗಮದೂರಕ್ಕೆ 25 ಮಿಲಿಮೀಟರಿನ ಸಾಮಾನ್ಯ ಐಪೀಸ್ ಹಾಕಿದರೆ 48 ಪಟ್ಟು ವರ್ಧನೆ. ಗ್ರಹ ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಹಾಯಲು ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. 10 ಮಿಲಿಮೀಟರಿನದಾದರೆ 120 ಪಟ್ಟು, ಆದರೆ ಎರಡು ನಿಮಿಷಕ್ಕಿಂತ ಮುಂಚೆಯೇ ಗ್ರಹ ಮಾಯ. ಗ್ರಹವನ್ನು ಪೂರ್ವದ ಅಂಚಿನಲ್ಲಿಟ್ಟು ಕೈಬಿಟ್ಟು, ಅದು ತಾನಾಗಿ ಹಾಯುವುದನ್ನು ವಿಡಿಯೊ ಮಾಡುವುದು ಯಂತ್ರವಿಲ್ಲದವರ ಉಪಾಯ.

ಗುರುಗ್ರಹಕ್ಕೆ ಐಎಸ್‌ಒ 100ರಿಂದ 200, ಸೆಕೆಂಡಿನ 30 ಅಥವಾ 60ನೇ ಒಂದು ಭಾಗ. ಶನಿ ಮಂದ, ಅದಕ್ಕೆ ಇಮ್ಮಡಿ ಬೆಳಕು ಬೇಕು. ಗುರುವಿನ ನಾಲ್ಕು ಉಪಗ್ರಹಗಳು ಒಂದೇ ಚಿತ್ರದಲ್ಲಿ ಬರಬೇಕೆಂದರೆ ಗುರು ಸುಟ್ಟ ಬಿಳಿಯಾಗುವುದು ಅನಿವಾರ್ಯ. ಎರಡು ಚಿತ್ರಗಳನ್ನು ಬೇರೆಬೇರೆಯಾಗಿ ತೆಗೆಯುವುದೇ ಪ್ರಾಮಾಣಿಕ ದಾರಿ. ಶನಿಯ ಬಳೆ 2025ರ ಮಾರ್ಚ್‌ನಲ್ಲಿ ಭೂಮಿಗೆ ಅಂಚನ್ನಷ್ಟೇ ತೋರಿಸಿ ಗೆರೆಯಂತಾಗಿತ್ತು. ಅಲ್ಲಿಂದೀಚೆಗೆ ಅದು ವರ್ಷದಿಂದ ವರ್ಷಕ್ಕೆ ಅರಳುತ್ತಾ 2032ರ ವೇಳೆಗೆ ಗರಿಷ್ಠ ಓರೆಯನ್ನು ಮುಟ್ಟಲಿದೆ. ಪ್ರತಿ ವರ್ಷ ಒಂದು ಚಿತ್ರ ತೆಗೆದಿಟ್ಟರೂ ಸಾಕು, ಅದೊಂದು ದಾಖಲೆ.

ನಕ್ಷತ್ರ, ನೀಹಾರಿಕೆಗಳ ವಿಷಯದಲ್ಲಿ ನಗರದ ಮಿತಿ ಎದುರಾಗುತ್ತದೆ. ಜನವರಿಯ ರಾತ್ರಿ ಮಹಾವ್ಯಾಧ ಪುಂಜ ಬಹುತೇಕ ನೆತ್ತಿಯಲ್ಲಿರುತ್ತದೆ. ಅದರ ಖಡ್ಗದಲ್ಲಿರುವ, ಸುಮಾರು 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆಗೆ ಇಲ್ಲಿ 72 ಡಿಗ್ರಿ ಎತ್ತರ. ಯಂತ್ರವಿಲ್ಲದ ಟೆಲಿಸ್ಕೋಪಿನಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಶಟರ್ ತೆರೆದರೆ ನಕ್ಷತ್ರಗಳು ಗೆರೆಗಳಾಗುವುದರಿಂದ, ಚಿಕ್ಕಚಿಕ್ಕ ನೂರಾರು ಚಿತ್ರಗಳನ್ನು ತೆಗೆದು ಸಿರಿಲ್‌ನಂಥ ತಂತ್ರಾಂಶದಲ್ಲಿ ಕೂಡಿಸಬೇಕು. ಕಣ್ಣಿಗೆ ಬೂದುಬಣ್ಣವಾಗಿದ್ದುದು ಚಿತ್ರದಲ್ಲಿ ನಸುಗೆಂಪಾಗಿ ಬರುತ್ತದೆ. ಟೆಲಿಸ್ಕೋಪಿಲ್ಲದವರು ಫೋನನ್ನು ಮುಕ್ಕಾಲಿಯ ಮೇಲಿಟ್ಟು 15, 20 ಸೆಕೆಂಡ್ ತೆರೆದಿಟ್ಟರೂ ಪುಂಜಗಳು ಚೆನ್ನಾಗಿ ದಾಖಲಾಗುತ್ತವೆ. 2019ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 4 ಫೋನಿನಲ್ಲಿ 16 ಸೆಕೆಂಡಿನ 15 ಚಿತ್ರಗಳನ್ನು ತಾನಾಗಿ ಸೇರಿಸುವ ವ್ಯವಸ್ಥೆಯನ್ನು ತಂದ ಮೇಲೆ ಈ ಬಗೆಯ ಛಾಯಾಗ್ರಹಣ ಮನೆಮಾತಾಯಿತು.

ಚಿತ್ರ ಯಾರು ತೆಗೆದದ್ದು?

ಇಲ್ಲಿ ಓದುಗರ ಗಮನಕ್ಕೆ ತರಬೇಕಾದ ಗಂಭೀರ ವಿಷಯವೊಂದಿದೆ. 2023ರ ಮಾರ್ಚ್‌ನಲ್ಲಿ ಅಂತರಜಾಲದಲ್ಲಿ ಬಳಕೆದಾರರೊಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ಕತ್ತಲ ಕೋಣೆಯಲ್ಲಿ ದೂರದಿಂದ ಸ್ಯಾಮ್‌ಸಂಗ್ ಫೋನಿನಿಂದ ಸೆರೆಹಿಡಿದರು. ಮೂಲದಲ್ಲಿ ಇಲ್ಲವೇ ಇಲ್ಲದ ಕುಳಿಗಳ ವಿವರ ಫೋನಿನ ಚಿತ್ರದಲ್ಲಿ ಮೂಡಿತು. ದೃಶ್ಯವು ಚಂದ್ರನೆಂದು ಗುರುತಿಸಿ ಕೃತಕ ಬುದ್ಧಿಮತ್ತೆಯಿಂದ ವಿವರವನ್ನು ಹೆಚ್ಚಿಸುವ ವ್ಯವಸ್ಥೆ ತನ್ನ ಫೋನಿನಲ್ಲಿದೆ, ಬೇಡವಾದವರು ಅದನ್ನು ನಿಲ್ಲಿಸಬಹುದು ಎಂದು ಕಂಪನಿ ವಿವರಣೆ ನೀಡಿತು.

ಮೇಲೆ ಹೇಳಿದ ಚೌಕಟ್ಟು ಕೂಡಿಸುವ ವಿಧಾನವೂ ಗಣಕದ ಕೈಚಳಕವೇ ಅಲ್ಲವೆ ಎಂದು ಕೇಳಬಹುದು. ವ್ಯತ್ಯಾಸವಿದೆ. ಕೂಡಿಸುವಾಗ ಬಳಕೆಯಾಗುವುದು ನಮ್ಮ ಟೆಲಿಸ್ಕೋಪಿಗೆ ಅಂದು ಬಂದ ಬೆಳಕು ಮಾತ್ರ. ಚಂದ್ರ ಹೇಗಿರಬೇಕೆಂದು ಮೊದಲೇ ಕಲಿತ ಫೋನು, ಹಾಗಿರದ ಏನನ್ನಾದರೂ ಕಂಡರೆ ಅದನ್ನು ತಿದ್ದಿಬಿಡುವ ಅಪಾಯವಿದೆ. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಹವ್ಯಾಸಿ ಆಂಟನಿ ವೆಸ್ಲಿ ಗುರುಗ್ರಹದ ಮೇಲೆ ಹೊಸ ಕಪ್ಪು ಕಲೆಯನ್ನು ಕಂಡರು. ಯಾವುದೋ ಆಕಾಶಕಾಯ ಗುರುವಿಗೆ ಅಪ್ಪಳಿಸಿದ ಗುರುತು ಅದಾಗಿತ್ತು. ಪ್ರಪಂಚದ ವೀಕ್ಷಣಾಲಯಗಳೆಲ್ಲ ಅವರ ಸೂಚನೆಯ ಮೇರೆಗೆ ಆ ಕಡೆ ತಿರುಗಿದವು. ‘ಗುರು ಹೀಗಿರುವುದಿಲ್ಲ’ ಎಂದು ಕಲೆಯನ್ನು ಅಳಿಸುವ ಯಂತ್ರ ಅವರ ಬಳಿಯಿದ್ದಿದ್ದರೆ? ಆಕಾಶದ ಚಿತ್ರವನ್ನು ಸಾಕ್ಷ್ಯವೆಂದು ಇಟ್ಟುಕೊಳ್ಳಬಯಸುವವರು ಫೋನಿನ ದೃಶ್ಯ ಸುಧಾರಣೆಯ ಆಯ್ಕೆಗಳನ್ನು ಮುಚ್ಚಿ, ಸಾಧ್ಯವಾದರೆ ಕಚ್ಚಾ ಕಡತವನ್ನೇ ಉಳಿಸಿಕೊಳ್ಳಬೇಕು. ದಿನಾಂಕ, ಸಮಯ, ಐಪೀಸು, ಊರುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು.

ಕರಗುತ್ತಿರುವ ಕತ್ತಲೆ

ಹವ್ಯಾಸಿಗಳ ನಾಗರಿಕ ವೀಕ್ಷಣೆಗಳನ್ನೇ ಆಧರಿಸಿ 2023ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 2011ರಿಂದ 2022ರ ಅವಧಿಯಲ್ಲಿ ರಾತ್ರಿಯ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ಶೇಕಡಾ 9.6ರಂತೆ ಏರಿದೆಯೆಂದು ಲೆಕ್ಕ ಹಾಕಿತು. ಈ ವೇಗದಲ್ಲಿ, 250 ನಕ್ಷತ್ರಗಳು ಕಾಣುವ ಊರಿನಲ್ಲಿ ಇಂದು ಹುಟ್ಟಿದ ಮಗುವಿಗೆ 18 ತುಂಬುವಾಗ ಅಲ್ಲಿ ಉಳಿಯುವುದು 100 ಮಾತ್ರ. ಹಳದಿ ಸೋಡಿಯಂ ದೀಪಗಳ ಬೆಳಕನ್ನು ಒಂದು ಫಿಲ್ಟರಿನಿಂದ ಬಹುಮಟ್ಟಿಗೆ ತಡೆಯಬಹುದಿತ್ತು. ಎಲ್ಲ ಬಣ್ಣಗಳನ್ನೂ ಒಳಗೊಂಡ ಬಿಳಿಯ ಎಲ್‌ಇಡಿಗೆ ಅಂಥ ಪರಿಹಾರವಿಲ್ಲ. ದೀಪ ಬೇಡವೆಂದು ಯಾರೂ ಹೇಳರು. ಬೆಳಕು ರಸ್ತೆಗೆ ಬೀಳಲಿ, ಮೇಲಕ್ಕೆ ಬೇಡ ಎಂದು ದೀಪಕ್ಕೊಂದು ಮುಚ್ಚಳ ಕೇಳುವುದು ನ್ಯಾಯವಾದ ಬೇಡಿಕೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಅಲ್ಲಿನ ಹಳ್ಳಿಗರು ಕಿಟಕಿಗೆ ಪರದೆ, ದೀಪಕ್ಕೆ ಮುಚ್ಚಳ ಒಪ್ಪಿಕೊಂಡರು. ಒಂದು ಅಡ್ಡರಸ್ತೆಯ ಮಟ್ಟದಲ್ಲಿ ಇದು ಮೈಸೂರಿನಲ್ಲೂ ಅಸಾಧ್ಯವಲ್ಲ.

ಕತ್ತಲೆ ಅರಸಿ ಹೊರಹೋಗುವವರು ಎಚ್.ಡಿ. ಕೋಟೆ, ಗುಂಡ್ಲುಪೇಟೆಗಳ ಕಡೆಯ ಬಯಲನ್ನು ಆರಿಸಿಕೊಳ್ಳಬಹುದು. ಆದರೆ ಪರಿಚಿತರ ಜಮೀನು ಇರಬೇಕು, ಅರಣ್ಯದ ಗಡಿಯಿಂದ ದೂರವಿರಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ ಎಂಬುದೂ ನೆನಪಿರಲಿ.

ಕಲಿಯಲು ಕನ್ನಡದಲ್ಲೇ ಸಾಮಗ್ರಿಗೆ ಕೊರತೆಯಿಲ್ಲ. ಮೈಸೂರಿನಲ್ಲೇ ನೆಲೆಸಿದ್ದ, ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾಗಿದ್ದ ಗಣಿತಜ್ಞ ಜಿ.ಟಿ. ನಾರಾಯಣ ರಾವ್ (1926–2008) ಅವರ ಖಗೋಳ ಬರಹಗಳು ಇಂದಿಗೂ ಹಳತಾಗಿಲ್ಲ. ನಕ್ಷತ್ರಗಳು ಸ್ಥಳ ಬದಲಿಸಿಲ್ಲವಲ್ಲ. ಬೆಂಗಳೂರಿನಲ್ಲಿ 1989ರಿಂದ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯ ಇವೆ. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ ಹಾಗೂ ಖಭೌತ ಸಂಸ್ಥೆಗಳ ಸಹಯೋಗದ ‘ಕಾಸ್ಮೋಸ್’ ಯೋಜನೆಗೆ 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಟೆಲಿಸ್ಕೋಪು ಕೊಳ್ಳುವ ಮೊದಲು ಒಂದು ಋತು ಬರಿಗಣ್ಣಿನಲ್ಲಿ ನಕ್ಷತ್ರಪುಂಜಗಳನ್ನು ಗುರುತಿಸಲು ಕಲಿಯುವುದು ಒಳ್ಳೆಯದು. ಉಚಿತವಾದ ಸ್ಟೆಲೇರಿಯಂ ತಂತ್ರಾಂಶದಲ್ಲಿ ಮೈಸೂರನ್ನು ಆರಿಸಿ ಅಂದಿನ ಆಕಾಶವನ್ನು ನೋಡಿಕೊಳ್ಳಬಹುದು. ಫೋನಿನ ಪರದೆಗೆ ಕೆಂಪು ಕಾಗದ ಅಂಟಿಸಲು ಮಾತ್ರ ಮರೆಯಬಾರದು. ಕತ್ತಲೆಗೆ ಒಗ್ಗಲು ಕಣ್ಣಿಗೆ ಅರ್ಧ ಗಂಟೆ ಬೇಕು, ಬಿಳಿಯ ಬೆಳಕಿನಲ್ಲಿ ಅದು ಒಂದು ಕ್ಷಣದಲ್ಲಿ ನಷ್ಟವಾಗುತ್ತದೆ.

ಸೂರ್ಯನ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಕೊಡಗಿನ ಕುಟ್ಟದಲ್ಲಿ ಪೂರ್ಣ ಬಳೆಯಾಗಿ, ಮೈಸೂರಿನಲ್ಲಿ ಪಾರ್ಶ್ವವಾಗಿ ಕಂಡಿತ್ತು. 2027ರ ಆಗಸ್ಟ್ 2ರಂದು ಈಜಿಪ್ಟಿನಲ್ಲಿ ಆರು ನಿಮಿಷಕ್ಕೂ ಮೀರಿ ಪೂರ್ಣವಾಗಿರುವ ಸೂರ್ಯಗ್ರಹಣ ಮಳೆಗಾಲದ ಮೋಡ ಬಿಟ್ಟುಕೊಟ್ಟರೆ ನಮ್ಮಲ್ಲಿ ಸಂಜೆಯ ಹೊತ್ತು ಪಾರ್ಶ್ವವಾಗಿ ಕಾಣಬೇಕು. ಟೆಲಿಸ್ಕೋಪಿನ ಮೂಲಕ ಒಂದು ಕ್ಷಣ ಸೂರ್ಯನನ್ನು ನೋಡಿದರೂ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಫೋನಿನ ಸಂವೇದಕವೂ ಸುಡುತ್ತದೆ. ಸೌರ ಫಿಲ್ಟರನ್ನು ನಳಿಗೆಯ ಮುಂಬಾಯಿಗೇ, ಗಾಳಿಗೆ ಹಾರದಂತೆ ಬಿಗಿದು ಹಾಕಬೇಕು. ಐಪೀಸಿಗೆ ತಿರುಗಿಸಿ ಹಾಕುವ ಕಪ್ಪುಗಾಜು ಶಾಖಕ್ಕೆ ಸೀಳುವುದರಿಂದ ಅದನ್ನು ಎಸೆದುಬಿಡಬೇಕು. ಗುರಿ ಹಿಡಿಯುವ ಪುಟ್ಟ ನಳಿಗೆಗೂ ಮುಚ್ಚಳ ಹಾಕಬೇಕು, ಇಲ್ಲವೆ ಅದನ್ನು ಕಳಚಿ ಮನೆಯೊಳಗಿಡಬೇಕು. ಹಿತ್ತಲಿನಲ್ಲಿ ಮಕ್ಕಳಿದ್ದರೆ ಟೆಲಿಸ್ಕೋಪಿನ ಬಳಿ ಹಿರಿಯರೊಬ್ಬರು ಕದಲದೆ ನಿಂತಿರಬೇಕು.